‘ನಮ್ಮ ಕಡಿ ಹಿಂಗ ರೀ’ ಅಂದಾಗ ಏನು ಮಾಡಬೇಕು?

ವಿಜಯಪುರದ ನಮ್ಮ ಓಣಿಯಲ್ಲಿ ಸಾವಾದರೆ ಮೂರು ಥರ ನಡೆಯುತ್ತದೆ. ಲಿಂಗಾಯತರ ಮನೆಯಲ್ಲಿ ಹೆಣವನ್ನು ಕೂರಿಸಿ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಎರಡು ಮನೆ ಆಚೆ ಆಚಾರ್ಯರ ಮನೆಯವರು ಸುಡುತ್ತಾರೆ. ಮುಸ್ಲಿಮರು ಮಲಗಿಸಿ ಹೂಳುತ್ತಾರೆ. ಯಾರೂ ಯಾರಿಗೂ ‘ನಿಮ್ಮದು ತಪ್ಪು’ ಅನ್ನಲ್ಲ.

ಗ್ರೀಸಿನ ಹೆರೊಡೋಟಸ್ ಎರಡು ಸಾವಿರದ ನಾನೂರು ವರ್ಷಕ್ಕೂ ಹಿಂದೆ ಇಂಥದ್ದೇ ಕಥೆ ಹೇಳಿದ್ದಾನೆ. ಪರ್ಷಿಯಾದ ದೊರೆ ಡೇರಿಯಸ್, ಸತ್ತವರನ್ನು ಸುಡುವ ಗ್ರೀಕರನ್ನು ಕರೆದು, ಎಷ್ಟು ದುಡ್ಡು ಕೊಟ್ಟರೆ ಸತ್ತ ಅಪ್ಪನನ್ನು ತಿನ್ನುತ್ತೀರಿ ಅಂತ ಕೇಳಿದ. ಎಷ್ಟು ಕೊಟ್ಟರೂ ಇಲ್ಲ ಅಂದರು. ಆಮೇಲೆ ಸತ್ತ ಅಪ್ಪನನ್ನು ತಿನ್ನುವ ಪದ್ಧತಿಯಿದ್ದ ಕಲ್ಲಾಟಿಯರು ಅನ್ನೋ ಭಾರತದ ಕಡೆಯ ಜನರನ್ನು ಕರೆದು, ಎಷ್ಟಕ್ಕೆ ಸುಡುತ್ತೀರಿ ಅಂದ. ಅಂಥ ಮಾತೇ ಆಡಬೇಡಿ ಅಂತ ಅವರು ಕೂಗಿಕೊಂಡರು.

ಅದಕ್ಕೇ ಮೊದಲ ಕೆಲಸ ಇದು: ಹೇಸಿಗೆ ಬೇರೆ, ತಪ್ಪು ಬೇರೆ ಅಂತ ಬಿಡಿಸಿಕೊಳ್ಳಿ. ಬೇರೆಯವರ ಊಟ, ಉಡುಗೆ, ಶವಸಂಸ್ಕಾರ ನೋಡಿ ನಿಮಗೆ ವಾಕರಿಕೆ ಬಂದರೆ ಅದು ನಿಮ್ಮ ಹೊಟ್ಟೆಯ ವಿಷಯ, ಸುಮ್ಮನಿರಿ.

ಆಮೇಲೆ ‘ಯಾಕೆ’ ಅಂತ ಕೇಳಿ. ಬೈಯೋಕಲ್ಲ, ತಿಳಿಯೋಕೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮುತ್ತು ಕಟ್ಟುವ ಪದ್ಧತಿ ಇತ್ತಲ್ಲ, ಎಲ್ಲಮ್ಮನ ಹೆಸರಲ್ಲಿ ಹುಡುಗಿಯ ಕೊರಳಿಗೆ ಕೆಂಪು-ಬಿಳಿ ಮಣಿ ಕಟ್ಟಿ ದೇವದಾಸಿ ಮಾಡೋದು, ಅದಕ್ಕೂ ಕಾರಣ ಇದ್ದವು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಮಗಳು ಮದುವೆಯಾಗಿ ಹೋಗದೆ ಉಳಿದರೆ ಮುಪ್ಪಿನಲ್ಲಿ ನೋಡಿಕೊಳ್ಳುತ್ತಾಳೆ ಅನ್ನೋದು ಒಂದು. ತಲೆಯಲ್ಲಿ ಜಡೆ ಬಂದರೆ ದೇವಿ ಕರೆದಳು ಅನ್ನೋದು ಇನ್ನೊಂದು. ಎಣ್ಣೆ, ನೀರು, ಬಾಚಣಿಗೆ ಕಾಣದ ಕೂದಲು ಗಂಟು ಕಟ್ಟಿಕೊಳ್ಳುತ್ತೆ, ಅಷ್ಟೇ! ಬಹುಪಾಲು ದಲಿತರ ಮನೆಗಳು, ಬಡತನ. ಕಾರಣ ಗೊತ್ತಾದ ಮೇಲೆ ಆ ತಾಯಿ ತಂದೆ ರಾಕ್ಷಸರು ಅನ್ನಿಸಲ್ಲ. ಆದರೆ ಕಾರಣ ಅರ್ಥವಾಯಿತು ಅಂದರೆ ಪದ್ಧತಿ ಸರಿ ಅಂತ ಆಗಲ್ಲ. ಜಾಸ್ತಿ ಜನ ಎಡವೋದು ಇಲ್ಲೇ.

‘ಅದು ಅವರ ಸಂಸ್ಕೃತಿ, ಹೊರಗಿನವರು ಅಳೆಯಬಾರದು’ ಅನ್ನೋ ವಾದ ಕೆಟ್ಟ ಜಾಗದಿಂದ ಬಂದಿದ್ದಲ್ಲ. ಬಿಳಿಯರು ಜಗತ್ತಿನ ಜನರನ್ನೆಲ್ಲ ಮೇಲು-ಕೀಳು ಅಂತ ಸಾಲಾಗಿ ನಿಲ್ಲಿಸುತ್ತಿದ್ದ ಕಾಲದಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅದನ್ನು ಎದುರಿಸಿದ. 1947ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ, ಪಶ್ಚಿಮದವರ ಮೌಲ್ಯಗಳನ್ನೇ ಎಲ್ಲರ ಮೇಲೆ ಹೇರಬೇಡಿ ಅಂತ ವಿಶ್ವಸಂಸ್ಥೆಗೆ ಹೇಳಿತು. ಮರುವರ್ಷ ಮಾನವ ಹಕ್ಕುಗಳ ಘೋಷಣೆ ಬಂದೇ ಬಂತು. ಅದೇ ಸಂಘ 1999ರಲ್ಲಿ ಮಾನವ ಹಕ್ಕುಗಳ ಪರವಾಗಿಯೇ ಹೇಳಿಕೆ ಹೊರಡಿಸಿತು.

ಯಾಕೆಂದರೆ ‘ಸಮಾಜ ಒಪ್ಪಿದ್ದೇ ಸರಿ’ ಅಂತ ಹಿಡಿದರೆ ಬಸವಣ್ಣನೇ ತಪ್ಪಿತಸ್ಥ ಆಗುತ್ತಾನೆ, ಅಲ್ವಾ? ನಮ್ಮ ಬಾಗೇವಾಡಿಯಲ್ಲಿ ಹುಟ್ಟಿ, ಜಾತಿ ಕಟ್ಟು ಮುರಿದವನು ಹನ್ನೆರಡನೇ ಶತಮಾನದ ಸಮಾಜದ ಪ್ರಕಾರ ಬರೀ ಕಿಡಿಗೇಡಿ.

ಹಾಗಾಗಿ ಯಾರಾದರೂ ‘ನಮ್ಮ ಪದ್ಧತಿ’ ಅಂದಾಗ ಆ ‘ನಮ್ಮ’ ಅನ್ನೋರು ಯಾರು ಅಂತ ನೋಡಿ. ಮಾತಾಡುತ್ತಿರುವವರು ಊರ ಹಿರಿಯರು, ಪೂಜಾರಿ, ಸೋದರಮಾವ. ಬೆಲೆ ತೆರುವವಳು ಹತ್ತು ವರ್ಷದ ಹುಡುಗಿ. ಅವಳಿಗೆ ‘ಒಲ್ಲೆ’ ಅನ್ನೋಕೆ ಆಗುತ್ತಾ? ಬಿಟ್ಟು ಹೋಗೋಕೆ ಆಗುತ್ತಾ? ಅವಳಿಗೆ ಬಾಯಿಲ್ಲದಿದ್ದರೆ ಅದನ್ನು ಇಡೀ ಸಮುದಾಯದ ಒಪ್ಪಿಗೆ ಅಂತ ಲೆಕ್ಕ ಹಾಕಬೇಡಿ.

ತಪ್ಪು ಅಂತ ಗೊತ್ತಾದ ಕೂಡಲೇ ಲಾಠಿ ಹಿಡಿದು ಹೊರಡೋದೂ ಬೇಡ. ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ ದೇವದಾಸಿಯರ ರಕ್ಷಣೆಗೆ ಕಾಯ್ದೆ ಬಂದಿತ್ತು. ಕರ್ನಾಟಕ 1982ರಲ್ಲಿ ಇನ್ನೊಂದು ಮಾಡಿತು. ಸವದತ್ತಿ ಗುಡ್ಡದಲ್ಲಿ ಬಹಿರಂಗವಾಗಿ ಕಟ್ಟುವುದು ನಿಂತಿತು, ಆದರೆ ಕೆಲವರು ಮನೆಯೊಳಗೆ ಕದ್ದು ಕಟ್ಟಿದರು. ಕಾಯ್ದೆ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಬೆಳಗಾವಿ ಜಿಲ್ಲೆಯಲ್ಲಿ ಹಿಂದೆ ದೇವದಾಸಿಯರಾಗಿದ್ದವರೇ ಸಂಘ ಕಟ್ಟಿಕೊಂಡು ಓಣಿ ಓಣಿ ತಿರುಗಿ ‘ನಮಗಾದದ್ದು ನಿಮ್ಮ ಮಗಳಿಗೆ ಬೇಡ’ ಅಂದದ್ದಿದೆಯಲ್ಲ, ಆ ಮಾತಿನ ತೂಕ ಪೊಲೀಸರ ಮಾತಿಗೆ ಇಲ್ಲ. ಒಳಗೆ ಯಾರು ಆಗಲೇ ಜಗಳ ಆಡುತ್ತಿದ್ದಾರೆ ಅಂತ ಹುಡುಕಿ, ಅವರ ಹಿಂದೆ ನಿಲ್ಲಿ.

ಕಷ್ಟದ ಕೆಲಸ ಕೊನೆಗೆ ಇಟ್ಟಿದ್ದೇನೆ. ಅದೇ ತಕ್ಕಡಿಯಲ್ಲಿ ನಿಮ್ಮ ಮನೆಯದನ್ನೂ ತೂಗಬೇಕು. ಅಕ್ಕನ ಮಗಳನ್ನೇ ಮದುವೆಯಾಗೋದು ನಮ್ಮಲ್ಲಿ ಮಾಮೂಲು. ಬೆಂಗಳೂರಿನ ಗೆಳೆಯನೊಬ್ಬ ‘ಛೀ’ ಅಂದಾಗ ನಾನು ಕೆರಳಿ ‘ನಮ್ಮ ಕಡೆ ಹಿಂಗೇ’ ಅಂದುಬಿಟ್ಟೆ. ಅವನ ‘ಛೀ’ ಬರೀ ಹೇಸಿಗೆ, ಸರಿ. ಆದರೆ ಹತ್ತಿರದ ರಕ್ತಸಂಬಂಧದಲ್ಲಿ ಮಕ್ಕಳಿಗೆ ಕೆಲವು ಕಾಯಿಲೆಗಳ ಅಪಾಯ ಜಾಸ್ತಿ ಅನ್ನೋದು ಹೇಸಿಗೆಯ ಮಾತಲ್ಲ. ಹುಡುಗಿಯ ಮಾತು ಕೇಳಿದ್ದಾರಾ ಅನ್ನೋದೂ ಅಲ್ಲ.

ಹೋದ ವರ್ಷ ನಮ್ಮ ಮನೆಯಲ್ಲೇ ಅಂಥ ಮಾತುಕತೆ ನಡೆದಿತ್ತು. ಪಡಸಾಲೆಯಲ್ಲಿ ಹಿರಿಯರು ಚಹಾ ಕುಡಿಯುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಅಣ್ಣನ ಮಗಳನ್ನು ಕೇಳಿದೆ, ‘ನಿನಗ ಒಪ್ಪಿಗಿ ಐತೇನವ್ವಾ?’

‘ನೀವs ಮೊದಲ ಕೇಳಾಕತ್ತೀರಿ ಕಾಕಾ’ ಅಂದಳು.