ಬೆಲ್ಟು ಗಟ್ಟಿ ಇದ್ದರೆ ಸಾಲದು, ಬೋಲ್ಟು ಕೂತ ಜಾಗವೂ ಗಟ್ಟಿ ಇರಬೇಕು

ಮಳೆ ನಿಂತು ತೋಟದ ರಸ್ತೆಗಳು ಒಣಗುತ್ತಿದ್ದ ಹಾಗೆ ಚಿಕ್ಕಮಗಳೂರಿನ ಗ್ಯಾರೇಜುಗಳಲ್ಲಿ ರ‍್ಯಾಲಿ ಕಾರುಗಳ ಕೆಲಸ ಶುರುವಾಗುತ್ತದೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಡೆದ ಊರು ನಮ್ಮದು. ಹುಡುಗರಿಗೆ ಆ ಹುಚ್ಚು ಸುಮ್ನೆ ಬಂದಿದ್ದಲ್ಲ. ಎಂಜಿನ್, ಸಸ್ಪೆನ್ಷನ್, ಟೈರಿಗೆ ಎಷ್ಟು ಬೇಕಾದರೂ ದುಡ್ಡು ಹಾಕುತ್ತಾರೆ. ಹಾರ್ನೆಸ್, ಅಂದರೆ ಭುಜ, ಸೊಂಟ ಎಲ್ಲಾ ಸೇರಿಸಿ ಸೀಟಿಗೆ ಕಟ್ಟಿ ಹಿಡಿಯುವ ರೇಸಿಂಗ್ ಬೆಲ್ಟು, ಅದರ ವಿಷಯಕ್ಕೆ ಬಂದರೆ ಮಾತ್ರ ಒಳ್ಳೇ ಕಂಪನಿಯದು ತಂದು, ಸಿಕ್ಕಿದ ಕಡೆ ತೂತು ಕೊರೆದು ಬಿಗಿದುಬಿಡುತ್ತಾರೆ.

ಕೆಲವು ವರ್ಷದ ಹಿಂದೆ ಗೆಳೆಯನೊಬ್ಬ ತನ್ನ ಹಳೇ ಕಾರು ತೋರಿಸಲು ಕರೆದಿದ್ದ. ಬೆಲ್ಟು ಹೊಚ್ಚ ಹೊಸದು, ಒಳಗಿನ ಬೋಲ್ಟು ಫಳಫಳ ಹೊಳೆಯುತ್ತಿತ್ತು. ಕಾರಿನ ಅಡಿಗೆ ಹೋಗಿ ನೋಡಿದೆ. ನಟ್ಟಿನ ಕೆಳಗೆ ನಾಣ್ಯದಷ್ಟು ಅಗಲದ ವಾಷರ್ ಒಂದೇ. ಪಕ್ಕದ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ಬಿಸ್ಕತ್ತಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಆ ಕಾರಿನಲ್ಲಿ ಅವನು ಎರಡು ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸು) ಓಡಿಸಿದ್ದ. ಇವತ್ತಿಗೂ ಅದನ್ನು ನೆನೆದರೆ ಎದೆ ಝಲ್ ಎನ್ನುತ್ತದೆ.

ಬೆಲ್ಟಿನ ತಂಟೆಗೆ ಹೋಗುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಒಂದು, ಕಾರಿಗೆ ರೋಲ್ ಕೇಜ್, ಅಂದರೆ ಒಳಗೆ ಕೂರಿಸುವ ಸ್ಟೀಲ್ ಪೈಪಿನ ಪಂಜರ ಇರಬೇಕು. ಹಾರ್ನೆಸ್ ಮೈಯನ್ನು ನೆಟ್ಟಗೆ ಕಟ್ಟಿ ಹಿಡಿಯುತ್ತದೆ. ಕಾರು ಮಗುಚಿ ಟಾಪು ಕುಸಿದರೆ ಪಕ್ಕಕ್ಕೆ ವಾಲಲು ಆಗುವುದಿಲ್ಲ, ಏಟು ನೇರ ತಲೆಗೇ. ಇನ್ನೊಂದು, ಪಟ್ಟಿಗಳು ಹಾಯಲು ಕಿಂಡಿ ಇರುವ, ಹಿಂದಕ್ಕೆ ಮಲಗದ ಬಕೆಟ್ ಸೀಟು. ಇವೆರಡೂ ಇಲ್ಲದಿದ್ದರೆ ಕಾರಿನ ಜೊತೆ ಬಂದ ಮಾಮೂಲಿ ಬೆಲ್ಟೇ ಒಳ್ಳೆಯದು. ಹಾರ್ನೆಸ್ ಹಾಕಿದ ಮೇಲೂ ಆ ಬೆಲ್ಟು ಕೀಳಬೇಡಿ. ಊರೊಳಗೆ ಓಡಿಸುವಾಗ ಅದೇ ಬೇಕು.

ಕೊಳ್ಳುವುದಾದರೆ 6 ಪಾಯಿಂಟಿನದು, ಅಂದರೆ ಆರು ಕಡೆ ಬಿಗಿಯುವ ಹಾರ್ನೆಸ್ ಕೊಳ್ಳಿ. ಸಾಮಾನ್ಯ 4 ಪಾಯಿಂಟಿನದು ಬೆಲೆ ಕಡಿಮೆ ಅಂತ ಜಾಸ್ತಿ ಜನ ಅದನ್ನೇ ತರುತ್ತಾರೆ. ಆದರೆ ಡಿಕ್ಕಿಯಾದಾಗ ಭುಜದ ಪಟ್ಟಿಗಳು ಸೊಂಟದ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತವೆ. ಅದು ಸೊಂಟದ ಮೂಳೆ ದಾಟಿ ಹೊಟ್ಟೆ ಮೇಲೆ ಬರುತ್ತದೆ, ಮೈ ಅದರಡಿಯಲ್ಲಿ ಜಾರುತ್ತದೆ. ಕರುಳು, ಪಿತ್ತಜನಕಾಂಗಕ್ಕೆ ಏಟು ಬೀಳುವುದು ಹೀಗೆ. ತೊಡೆಗಳ ಮಧ್ಯೆ ಬರುವ ಎರಡು ಪಟ್ಟಿ ಇರುವುದೇ ಸೊಂಟದ ಪಟ್ಟಿಯನ್ನು ಕೆಳಗೆ ಹಿಡಿದಿಡಲು. ಲೇಬಲ್ಲಿನಲ್ಲಿ ಎಫ್‌ಐಎ 8853-2016 (ಮೋಟಾರ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಹಾರ್ನೆಸ್ಸಿಗೆ ಇಟ್ಟ ಗುಣಮಟ್ಟ) ಎಂದು ಇದೆಯಾ, ವಾಯಿದೆ ಯಾವ ವರ್ಷಕ್ಕೆ ಮುಗಿಯುತ್ತದೆ, ಎರಡನ್ನೂ ಓದಿ.

ಈಗ ಕೆಲಸ. ಡ್ರಿಲ್ ಮುಟ್ಟಬೇಡಿ, ಮೊದಲು ಒಂದು ದಾರ ತನ್ನಿ. ಸೀಟನ್ನು ಅದರ ಜಾಗದಲ್ಲಿ ಬಿಗಿದು, ಹೆಲ್ಮೆಟ್ ಹಾಕಿಕೊಂಡು ಕೂತುಕೊಳ್ಳಿ. ಜೊತೆಗಾರ ನಿಮ್ಮ ಭುಜದಿಂದ ಸೀಟಿನ ಕಿಂಡಿಯೊಳಗೆ ಹಾಯಿಸಿ ಹಿಂದಕ್ಕೆ ದಾರ ಎಳೆಯಲಿ. ಅದು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಹಿಂದಕ್ಕೆ ಹೋಗುತ್ತಾ ಸ್ವಲ್ಪ ಇಳಿದರೆ ಅಡ್ಡಿಯಿಲ್ಲ, 10 ಡಿಗ್ರಿಯೊಳಗೆ ಇದ್ದರೆ ಚೆನ್ನ. ಎಫ್‌ಐಎ ನಿಯಮ 45 ಡಿಗ್ರಿವರೆಗೆ ಬಿಡುತ್ತದೆ, ಆದರೆ ಅಲ್ಲಿವರೆಗೆ ಹೋಗಬೇಡಿ. ಕುತ್ತಿಗೆ ಕಾಯುವ ಹ್ಯಾನ್ಸ್ ಹಾಕುವವರು 20 ದಾಟಿಸಲೇಬಾರದು. ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಇರುತ್ತದಲ್ವಾ, ಅದನ್ನು ದಾರಕ್ಕೆ ಹಿಡಿದು ನೋಡಿ.

ಈ ಕೋನದ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಭುಜದ ಪಟ್ಟಿಯನ್ನು ಸೀಟಿನ ಹಿಂದೆ ನೆಲಕ್ಕೆ ಬಿಗಿದ ಕಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಡಿಕ್ಕಿಯಾದಾಗ ಮೈ ಮುಂದಕ್ಕೆ ನುಗ್ಗುತ್ತದೆ, ನೆಲಕ್ಕೆ ಕಟ್ಟಿದ ಪಟ್ಟಿ ಭುಜವನ್ನು ಕೆಳಕ್ಕೆ ಜಗ್ಗುತ್ತದೆ. ತಲೆಹೊರೆ ಹೊತ್ತವರ ತಲೆ ಮೇಲೆ ಇನ್ನೊಂದು ಮೂಟೆ ಎತ್ತಿ ಹಾಕಿದ ಹಾಗೆ, ಎಲ್ಲಾ ಭಾರ ಬೆನ್ನುಮೂಳೆ ಮೇಲೆ. ಆದ್ದರಿಂದ ಭುಜದ ಪಟ್ಟಿಗೆ ಸರಿಯಾದ ಜಾಗ ಅಂದರೆ ಕೇಜಿಗೆ ವೆಲ್ಡ್ ಮಾಡಿದ ಅಡ್ಡ ಪೈಪು. ಬೆಸುಗೆಯಿಲ್ಲದ ಸ್ಟೀಲ್ ಪೈಪು, 38 ಮಿ.ಮೀ. ಅಗಲವಾದರೆ 2.5 ಮಿ.ಮೀ. ದಪ್ಪ, 40 ಆದರೆ 2 ಮಿ.ಮೀ. ದಪ್ಪ ಇರಬೇಕು. ಇದಕ್ಕಿಂತ ಸಣ್ಣದು ಬೇಡ. ಗೇಟು ಮಾಡುವ ಪೈಪು ಖಂಡಿತ ಬೇಡ.

ಸೊಂಟದ ಪಟ್ಟಿ ಸೀಟಿನ ಪಕ್ಕದ ಕಿಂಡಿಯಿಂದ ಹಾದು ಬರಬೇಕು, ಸೀಟಿನ ಅಂಚಿನ ಮೇಲಿಂದ ಅಲ್ಲ. ಪಕ್ಕದಿಂದ ನೋಡಿದರೆ ನೆಲಕ್ಕೆ 60 ಡಿಗ್ರಿ ಆಸುಪಾಸು ಇರಲಿ. ಎಷ್ಟೋ ಕಾರುಗಳಲ್ಲಿ ಮಾಮೂಲಿ ಬೆಲ್ಟಿನ ಬೋಲ್ಟು ಇರುವ ಜಾಗವೇ ಇದಕ್ಕೆ ಹೊಂದುತ್ತದೆ. ಹೊಂದಿದರೆ ಅದನ್ನೇ ಬಳಸಿ, ಆ ಜಾಗ ಕಂಪನಿಯಲ್ಲೇ ಗಟ್ಟಿ ಮಾಡಿದ್ದು. ಸೀಟಿಗಾಗಲಿ ಸೀಟಿನ ಸ್ಟ್ಯಾಂಡಿಗಾಗಲಿ ಯಾವ ಪಟ್ಟಿಯನ್ನೂ ಕಟ್ಟಬಾರದು.

ಹೊಸ ತೂತು ಕೊರೆಯಲೇಬೇಕು ಅಂದರೆ ನಿಧಾನ. ಭುಜದ ಮತ್ತು ಸೊಂಟದ ಒಂದೊಂದು ಬೋಲ್ಟಿನ ಜಾಗವೂ ಸುಮಾರು ಒಂದೂವರೆ ಟನ್ ಜಗ್ಗು ತಡೆಯಬೇಕು ಅನ್ನುವುದು ನಿಯಮ. 50 ಕೆ.ಜಿ.ಯ 30 ಕಾಫಿ ಮೂಟೆ ಒಂದೇ ಬೋಲ್ಟಿಗೆ ನೇತುಬಿದ್ದ ಹಾಗೆ. ತೊಡೆ ಮಧ್ಯದ ಪಟ್ಟಿಯದು ಇದರ ಅರ್ಧದಷ್ಟು. ಬರೀ ತಗಡು ಇದನ್ನು ತಡೆಯುವುದಿಲ್ಲ, ಬೋಲ್ಟು ವಾಷರ್ ಸಮೇತ ತಗಡು ಹರಿದುಕೊಂಡು ಮೇಲೆ ಬರುತ್ತದೆ.

ಮ್ಯಾಟು, ಕಾರ್ಪೆಟ್ಟು ಎಲ್ಲಾ ಎತ್ತಿ. ನಮ್ಮ ಮಲೆನಾಡಿನ ಕಾರುಗಳಲ್ಲಿ ಕಾರ್ಪೆಟ್ಟಿನ ಅಡಿ ನೀರು ನಿಂತು ನೆಲ ತುಕ್ಕು ಹಿಡಿಯುವುದು ಮಾಮೂಲಿ. ಸ್ಕ್ರೂಡ್ರೈವರ್ ಒತ್ತಿ ನೋಡಿ. ತಗಡು ಮೆತ್ತಗಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಟಿಂಕರಿಂಗ್ ಮಾಡಿಸಿ. ಗಟ್ಟಿ ಇದ್ದರೆ ಅಡಿಗೆ ಹೋಗಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರು ಎಲ್ಲಿವೆ ಅಂತ ಕಣ್ಣಾರೆ ನೋಡಿಕೊಂಡು ಕೊರೆಯಿರಿ. ತೂತಿನ ಅಡಿಗೆ ಸ್ಟೀಲ್ ಪ್ಲೇಟು ಕೊಡಬೇಕು. ಕನಿಷ್ಠ 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ. ವಿಸ್ತೀರ್ಣ, ಅಂದರೆ ಆರೂವರೆ ಸೆಂಟಿಮೀಟರಿನ ಚೌಕ. ಅದರ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ. ಚೂಪು ಮೂಲೆಯೇ ತಗಡನ್ನು ಸೀಳುತ್ತದೆ. ಪ್ರೈಮರ್ ಬಳಿದು, ಸೀಲಂಟ್ ಹಾಕಿ ನೀರು ಇಳಿಯದ ಹಾಗೆ ಮುಚ್ಚಿ.

ಬೋಲ್ಟು ಹಾರ್ನೆಸ್ ಜೊತೆ ಬಂದದ್ದೇ ಇರಲಿ, ಸಾಮಾನ್ಯವಾಗಿ 7/16 ಇಂಚಿನ, ಯುಎನ್‌ಎಫ್ ಅನ್ನುವ ಥ್ರೆಡ್ ಇರುವಂಥದ್ದು. ತಲೆ ಮೇಲೆ ಗುರುತೇ ಇಲ್ಲದ ಬೋಲ್ಟನ್ನು ಹಾರ್ಡ್‌ವೇರ್ ಅಂಗಡಿಯಿಂದ ತರಬೇಡಿ. ಪಟ್ಟಿ ತಿರುಚದೆ ನೇರ ಎಳೆಯುವ ಹಾಗೆ ಐಬೋಲ್ಟಿನ (ತಲೆಯಲ್ಲಿ ಬಳೆ ಇರುವ ಬೋಲ್ಟಿನ) ಕಣ್ಣು ತಿರುಗಿರಬೇಕು.

ಪೈಪಿಗೆ ಸುತ್ತುವ ಪಟ್ಟಿಯಲ್ಲಿ ಮೂರು ಕಂಬಿಯ ಬಕಲ್ ಇರುತ್ತದೆ. ಹೆಚ್ಚು ಜನ ತಪ್ಪು ಮಾಡುವುದು ಇಲ್ಲೇ. ಪಟ್ಟಿಯ ತುದಿ ಬಕಲ್ ಹಾದು, ಪೈಪು ಸುತ್ತಿ, ಮತ್ತೆ ಬಕಲ್ಲಿಗೆ ಬಂದು, ನಡುವಿನ ಕಂಬಿಯ ಮೇಲೆ ಇನ್ನೊಂದು ಸಲ ಮಡಚಿ ಹೋಗಬೇಕು. ಆ ಕೊನೆಯ ಮಡಿಕೆ ಬಿಟ್ಟರೆ ಕೈಯಲ್ಲಿ ಎಳೆದಾಗ ಗಟ್ಟಿಯಾಗೇ ಇರುತ್ತದೆ, ಡಿಕ್ಕಿಯಾದಾಗ ಸರ್ರನೆ ಜಾರುತ್ತದೆ. ಬಕಲ್ ಪೈಪಿಗೆ ಅಂಟಿದ ಹಾಗೆ ಹತ್ತಿರ ಇರಲಿ. ಹೊರಗೆ ಉಳಿದ ತುದಿ ಕನಿಷ್ಠ 10 ಸೆಂ.ಮೀ. ಇರಲಿ.

ಎಲ್ಲಾ ಆದ ಮೇಲೆ ಕೂತು ಕಟ್ಟಿಕೊಳ್ಳಿ. ಮೊದಲು ಸೊಂಟದ್ದು, ತೊಡೆ ಸಂದಿಯ ಮಡಿಕೆಯಲ್ಲಿ ಕೂರುವಷ್ಟು ಕೆಳಗೆ, ಬಿಗಿಯಾಗಿ. ಆಮೇಲೆ ಭುಜದ್ದು. ಭುಜದ್ದು ಎಳೆದಾಗ ಸೊಂಟದ್ದು ಮೇಲೆದ್ದರೆ ತೊಡೆ ಮಧ್ಯದ ಪಟ್ಟಿಗಳ ಉದ್ದ ಕಮ್ಮಿ ಮಾಡಿ. ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಎಲ್ಲಾ ಪಟ್ಟಿ ಸೇರುವ ನಡು ಬಕಲ್ ತಿರುಗಿಸಿ ಬಿಚ್ಚಿ ನೋಡಿ. ಕೋ-ಡ್ರೈವರ್ ಕೂಡ ಹೀಗೇ ಬಿಚ್ಚಿ ನೋಡಲಿ. ಬೆಲ್ಟು ಕತ್ತರಿಸುವ ಕಟರ್ ಎರಡು ಇಟ್ಟುಕೊಳ್ಳಿ, ಕಟ್ಟಿಕೊಂಡೇ ಇದ್ದರೂ ಇಬ್ಬರಿಗೂ ಕೈಗೆ ಎಟುಕಬೇಕು.

ಒಂದೊಂದು ರ‍್ಯಾಲಿ ಮುಗಿದ ಮೇಲೂ ಬಕಲ್ಲಿನೊಳಗಿನ ಕೆಮ್ಮಣ್ಣು ಊದಿ ತೆಗೆಯಿರಿ, ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ಪಟ್ಟಿ ಕೊಳೆಯಾದರೆ ಬೆಚ್ಚನೆ ನೀರು, ಮೆದು ಸೋಪು, ನೆರಳಿನಲ್ಲಿ ಒಣಗಿಸುವುದು. ಇನ್ನು, ಜೋರು ಡಿಕ್ಕಿಯೊಂದು ಆಗಿಹೋದರೆ ಬೆಲ್ಟು ನೋಡಲು ಎಷ್ಟೇ ಚೆನ್ನಾಗಿರಲಿ, ಒಳಗಿನ ನೂಲು ಹಿಗ್ಗಿರುತ್ತದೆ. ಅದನ್ನು ಯಾರಿಗೂ ಕೊಡಬೇಡಿ, ಮಾರಬೇಡಿ. ಎಲ್ಲಾ ಪಟ್ಟಿಗಳನ್ನೂ ಕತ್ತರಿಸಿಯೇ ಎಸೆಯಿರಿ.