ಮಾವಿನ ಲೆಕ್ಕಕ್ಕೆ ಬ್ಲಾಕ್‌ಚೈನ್ ಬೇಕಾ? ನನ್ನ ಅನುಭವ

ಶ್ರೀನಿವಾಸಪುರದ ಕಡೆಯ ತೋತಾಪುರಿ ಮಾವು ಬಹಳಷ್ಟು ಪಲ್ಪ್ ಫ್ಯಾಕ್ಟರಿಗೆ ಹೋಗುತ್ತದೆ. ಯಾವ ತೋಟದ ಹಣ್ಣು, ಯಾವ ಔಷಧಿ ಹೊಡೆದಿದ್ದಾರೆ, ತೂಕ ಎಷ್ಟು, ಕಡಿತ ಎಷ್ಟು ಅನ್ನುವ ಲೆಕ್ಕ ರೈತರ ಕಂಪನಿಯಲ್ಲಿ ಒಂದು ಥರ, ಫ್ಯಾಕ್ಟರಿಯಲ್ಲಿ ಇನ್ನೊಂದು ಥರ, ರಫ್ತು ಮಾಡುವವರ ಹತ್ತಿರ ಮತ್ತೊಂದು ಥರ ಇತ್ತು. ಎಲ್ಲವನ್ನೂ ಒಂದು ಕಡೆ ತನ್ನಿ, ಬ್ಲಾಕ್‌ಚೈನ್‌ನಲ್ಲೇ ಮಾಡಿ ಅಂತ ಅವರು ನನ್ನನ್ನು ಕೇಳಿದರು. ಬ್ಲಾಕ್‌ಚೈನ್ ಅಂದರೆ ಒಂದೇ ಲೆಕ್ಕದ ಪುಸ್ತಕದ ಪ್ರತಿ ಎಲ್ಲರ ಕಂಪ್ಯೂಟರಿನಲ್ಲೂ ಇದ್ದು, ಬರೆದಿದ್ದನ್ನು ಯಾರೊಬ್ಬರೂ ಗುಟ್ಟಾಗಿ ತಿದ್ದಲಾಗದ ವ್ಯವಸ್ಥೆ. ವಾಲ್‌ಮಾರ್ಟ್ ಮತ್ತು ಐಬಿಎಂ ಮಾಡಿದ ಪ್ರಯೋಗ ಅವರ ತಲೆಯಲ್ಲಿತ್ತು. ಹೆಚ್ಚಿದ ಮಾವಿನ ಪ್ಯಾಕೆಟ್ ಯಾವ ತೋಟದ್ದು ಅಂತ ಹುಡುಕೋಕೆ ಅಲ್ಲಿ ಸುಮಾರು 7 ದಿನ ಬೇಕಿತ್ತು, ಅದು 2.2 ಸೆಕೆಂಡಿಗೆ ಇಳಿಯಿತು. ಆದರೆ ಎಲ್ಲರೂ ಒಂದೇ ನಮೂನೆಯಲ್ಲಿ ಮಾಹಿತಿ ತುಂಬಿದರೆ ಸಾಮಾನ್ಯ ಡೇಟಾಬೇಸ್ ಕೂಡ ಅಷ್ಟೇ ಬೇಗ ಹುಡುಕಿಕೊಡುತ್ತದೆ, ಅಲ್ವಾ?

ಸಂಸ್ಥೆಗಳು ತಮ್ಮೊಳಗೆ ಬ್ಲಾಕ್‌ಚೈನ್ ನಡೆಸೋಕೆ ಬಳಸುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡಿ ನೋಡಿದೆ. ಕೆಲಸ ಮಾಡಿತು. ಆದರೆ ರೈತರ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವವರು ಯಾರೂ ಇಲ್ಲ. ಎಲ್ಲರ ನೋಡ್ (ಲೆಕ್ಕದ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್) ನನ್ನ ಒಂದೇ ಕ್ಲೌಡ್ ಖಾತೆಯಲ್ಲಿ ಓಡಿದರೆ ಬೀಗದ ಕೈ ನನ್ನ ಹತ್ತಿರವೇ ಇದ್ದಂತೆ. ಮತ್ತೆ ಬ್ಲಾಕ್‌ಚೈನ್ ಯಾಕೆ?

ನಿಜವಾದ ಜಗಳ ಇದ್ದಿದ್ದು ತೂಕದಲ್ಲಿ. ತಪ್ಪು ತೂಕ ಬರೆದರೆ ಬ್ಲಾಕ್‌ಚೈನ್ ಆ ತಪ್ಪನ್ನೇ ಭದ್ರವಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಲಾರಿ ತೂಗುವ ವೇಬ್ರಿಡ್ಜ್ ಯಂತ್ರದಿಂದಲೇ ತೂಕ ನೇರವಾಗಿ ಕಂಪ್ಯೂಟರಿಗೆ ಬರುವ ಹಾಗೆ ಮಾಡಿದೆವು, ಲಾರಿ ಇಳಿಯುವ ಮೊದಲೇ ರೈತರ ಮೊಬೈಲಿಗೆ ಎಸ್‌ಎಂಎಸ್ ಹೋಗುತ್ತದೆ. ಜಗಳ ಕಡಿಮೆಯಾಗಿದ್ದು ಇದರಿಂದ.

ಉಳಿದಿದ್ದೆಲ್ಲ ಪೋಸ್ಟ್‌ಗ್ರೆಸ್ ಅನ್ನುವ ಒಂದು ಸಾಮಾನ್ಯ ಡೇಟಾಬೇಸ್. ಪ್ರತಿ ಸಂಸ್ಥೆ ತನ್ನ ಎಂಟ್ರಿಗೆ ತನ್ನದೇ ಡಿಜಿಟಲ್ ಸಹಿ ಹಾಕುತ್ತದೆ. ಪ್ರತಿ ಎಂಟ್ರಿಯಲ್ಲೂ ಹಿಂದಿನದರ ಹ್ಯಾಶ್ (ಒಂದಕ್ಷರ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಕೇತ) ಇರುತ್ತದೆ, ದಿನದ ಕೊನೆಯ ಹ್ಯಾಶ್ ಸಂಜೆ ಎಲ್ಲರಿಗೂ ಇಮೇಲ್‌ನಲ್ಲಿ ಹೋಗುತ್ತದೆ. ಹಳೆಯದನ್ನು ಯಾರಾದರೂ ತಿದ್ದಿದರೆ, ನಾನೇ ತಿದ್ದಿದರೂ, ಸಿಕ್ಕಿಬೀಳುತ್ತೇವೆ. ರೈತರ ಹೆಸರು, ಫೋನ್ ನಂಬರ್ ಮಾತ್ರ ಈ ಸರಪಳಿಯಿಂದ ಹೊರಗಿಟ್ಟಿದ್ದೇವೆ, ಯಾಕಂದರೆ 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ತಮ್ಮ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕು ಜನರಿಗಿದೆ.

ಎಲ್ಲರೂ ಒಪ್ಪುವ ಮಧ್ಯಸ್ಥರಿದ್ದರೆ ಇಷ್ಟು ಸಾಕು. ರಫ್ತಾಗುವ ದ್ರಾಕ್ಷಿ ಯಾವ ತೋಟದ್ದು ಅಂತ ಹುಡುಕೋಕೆ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೇಡಾ 2006ರಲ್ಲೇ ಗ್ರೇಪ್‌ನೆಟ್ ಶುರು ಮಾಡಿತು, ಆಗ ಬಿಟ್‌ಕಾಯಿನ್ ಕೂಡ ಹುಟ್ಟಿರಲಿಲ್ಲ. ಇನ್ನೊಂದು ಕಡೆ, ಹಡಗು ಕಂಪನಿ ಮೇರ್ಸ್ಕ್ ಮತ್ತು ಐಬಿಎಂ 2018ರಲ್ಲಿ ತಂದ, ಹಡಗು ಸರಕಿನ ದಾಖಲೆ ಹಂಚಿಕೊಳ್ಳುವ ಟ್ರೇಡ್‌ಲೆನ್ಸ್ ಬ್ಲಾಕ್‌ಚೈನ್ ಮೇಲೇ ಇತ್ತು. ಹಡಗು ಉದ್ಯಮದವರೆಲ್ಲ ಬೇಕಾದಷ್ಟು ಕೈಜೋಡಿಸಲಿಲ್ಲ ಅಂತ ಅದನ್ನು ಮುಚ್ಚುವುದಾಗಿ 2022ರಲ್ಲಿ ಹೇಳಿದರು.

ಈಗ ಎರಡನೇ ಫ್ಯಾಕ್ಟರಿಯವರೂ ಸೇರುತ್ತೇವೆ ಅನ್ನುತ್ತಿದ್ದಾರೆ. ಎರಡು ಫ್ಯಾಕ್ಟರಿಗೂ ಪೈಪೋಟಿ ಇದೆ, ಒಬ್ಬರ ಸರ್ವರ್ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ, ಇಬ್ಬರಿಗೂ ಸ್ವಂತ ಐಟಿ ಜನ ಇದ್ದಾರೆ. ಅವರಿಬ್ಬರ ನಡುವಿನ ಭಾಗಕ್ಕೆ ಫ್ಯಾಬ್ರಿಕ್ ಹಾಕುತ್ತೇನೆ.