ಚಂದ್ರನ ಮೇಲೆ ಯಾರೂ ಇಳಿದಿಲ್ಲವೆಂದು ನಂಬಿದ್ದ ನಾಲ್ಕು ವರ್ಷ

ಚಂದ್ರನ ಮೇಲೆ ಮನುಷ್ಯ ಇಳಿದೇ ಇಲ್ಲ, 1969ರ ಜುಲೈ 20ರಂದು ನಡೆಯಿತೆನ್ನುವುದೆಲ್ಲ ಸ್ಟುಡಿಯೋದಲ್ಲಿ ಚಿತ್ರೀಕರಿಸಿದ ನಾಟಕ ಎಂದು ನಾನು ನಾಲ್ಕು ವರ್ಷ ಗಟ್ಟಿಯಾಗಿ ನಂಬಿದ್ದೆ. ಮನೆಯವರೊಡನೆ, ಸಹೋದ್ಯೋಗಿಗಳೊಡನೆ ಗಂಟೆಗಟ್ಟಲೆ ವಾದಿಸಿದ್ದೆ. ಅವರು ಸುಮ್ಮನಾದಾಗಲೆಲ್ಲ ಒಪ್ಪಿಕೊಂಡರೆಂದೇ ಭಾವಿಸಿದ್ದೆ. ಯಾರೋ ಬುದ್ಧಿ ಹೇಳಿದ್ದರಿಂದ ನನ್ನ ಮನಸ್ಸು ಬದಲಾಗಲಿಲ್ಲ. ಹೇಳಿದವರು ಬೇಕಾದಷ್ಟು ಜನರಿದ್ದರು. ಒಂದು ನೋಟ್‌ಬುಕ್ ಇಟ್ಟುಕೊಂಡು ನನ್ನ ನಂಬಿಕೆಯನ್ನು ನಾನೇ ಪರೀಕ್ಷಿಸತೊಡಗಿದ ಮೇಲೆ ಅದು ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು. ಅದು ಹೇಗೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದದ್ದು ಮೂರು ಅಂಕಿಗಳಿಂದ. ಸ್ನೇಹಿತರೊಬ್ಬರು 2, 4, 6 ಎಂದು ಬರೆದುಕೊಟ್ಟು, ಈ ಅಂಕಿಗಳು ಒಂದು ನಿಯಮಕ್ಕೆ ಒಳಪಟ್ಟಿವೆ, ನೀವೂ ಮೂರು ಮೂರು ಅಂಕಿ ಹೇಳುತ್ತಾ ಹೋಗಿ, ನಿಯಮಕ್ಕೆ ಹೊಂದುತ್ತವೆಯೋ ಇಲ್ಲವೋ ಹೇಳುತ್ತೇನೆ, ಕೊನೆಗೆ ನಿಯಮವೇನೆಂದು ತಿಳಿಸಿ ಎಂದರು. ನಾನು 8, 10, 12 ಎಂದೆ, ಹೌದು ಎಂದರು. 20, 22, 24 ಎಂದೆ, ಹೌದು. 100, 102, 104, ಅದಕ್ಕೂ ಹೌದು. ಎರಡೆರಡು ಕೂಡಿಸುತ್ತಾ ಹೋಗುವುದೇ ನಿಯಮ ಎಂದು ಯಾವ ಅಳುಕೂ ಇಲ್ಲದೆ ಹೇಳಿದೆ. ಅದು ತಪ್ಪಾಗಿತ್ತು. ಅಂಕಿಗಳು ಏರುತ್ತಾ ಹೋಗಬೇಕು ಎಂಬುದಷ್ಟೇ ಅವರ ನಿಯಮ. 1, 7, 90 ಎಂದಿದ್ದರೂ ಹೌದೆನ್ನುತ್ತಿದ್ದರು. ಬ್ರಿಟಿಷ್ ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಅದರಲ್ಲಿ ಎಡವಿದ್ದಕ್ಕಿಂತ, ಎಡವಿದ ರೀತಿ ನನ್ನನ್ನು ಹೆಚ್ಚು ಕಾಡಿತು. ‘ಇಲ್ಲ’ ಎಂಬ ಉತ್ತರ ಬರಬಹುದಾದ ಒಂದು ಪ್ರಶ್ನೆಯನ್ನೂ ನಾನು ಕೇಳಿರಲಿಲ್ಲ. ಚಂದ್ರನ ವಿಷಯದಲ್ಲಿ ನಾಲ್ಕು ವರ್ಷ ಮಾಡಿದ್ದೂ ಅದನ್ನೇ ಅಲ್ಲವೇ ಎಂಬ ಯೋಚನೆ ಅಂದು ರಾತ್ರಿ ನಿದ್ದೆಗೆಡಿಸಿತು.

ಮರುದಿನ ನೋಟ್‌ಬುಕ್ಕಿನ ಎಡಪುಟದಲ್ಲಿ ನನ್ನ ವಾದಗಳನ್ನು ಬರೆದೆ. ಪ್ರತಿಯೊಂದರ ಎದುರು, ಬಲಪುಟದಲ್ಲಿ, ಏನು ಕಂಡರೆ ಈ ವಾದವನ್ನು ಕೈಬಿಡುತ್ತೇನೆ ಎಂದು ಬರೆದೆ. ಬಲಪುಟವನ್ನು ಪರೀಕ್ಷೆಗೆ ಮೊದಲೇ ತುಂಬಿ ತಾರೀಖು ಹಾಕಬೇಕು ಎಂಬುದು ನಾನೇ ವಿಧಿಸಿಕೊಂಡ ನಿಯಮ. ನಂತರ ಬರೆದರೆ, ಕಂಡದ್ದಕ್ಕೆ ತಕ್ಕಂತೆ ಷರತ್ತನ್ನು ತಿದ್ದಿಬಿಡುತ್ತೇವೆ.

ಮೊದಲನೆಯದು ನೆರಳಿನ ವಾದ. ಬೆಳಕಿನ ಮೂಲ ಸೂರ್ಯನೊಂದೇ ಆಗಿದ್ದರೆ ಚಿತ್ರದ ನೆರಳುಗಳೆಲ್ಲ ಸಮಾನಾಂತರವಾಗಿರಬೇಕಿತ್ತು, ಅವು ಹಾಗಿಲ್ಲ, ಆದ್ದರಿಂದ ಅಲ್ಲಿ ಹಲವು ದೀಪಗಳಿದ್ದವು ಎಂಬುದು ನನ್ನ ತರ್ಕವಾಗಿತ್ತು. ಬಿಸಿಲು ಓರೆಯಾಗಿ ಬೀಳುವ ಸಂಜೆ ಹೊತ್ತಿನಲ್ಲಿ, ಏರುತಗ್ಗಿನ ನೆಲದಲ್ಲಿ ಒಂದೇ ಎತ್ತರದ ಮೂರು ಕೋಲುಗಳನ್ನು ನೆಟ್ಟು ಮೊಬೈಲಿನಲ್ಲಿ ಫೋಟೋ ತೆಗೆದೆ. ಇಳಿಜಾರಿನ ಮೇಲೆ ಬಿದ್ದ ನೆರಳು ಉದ್ದಕ್ಕೆ ಚಾಚಿತ್ತು, ದಿಬ್ಬಕ್ಕೆ ತಾಗಿದ ನೆರಳು ಮೊಟಕಾಗಿತ್ತು, ಮೂರನೆಯದು ಕಲ್ಲೊಂದನ್ನು ಹತ್ತಿ ಬೇರೆಯೇ ದಿಕ್ಕಿಗೆ ತಿರುಗಿದಂತೆ ಕಾಣುತ್ತಿತ್ತು. ಎರಡನೆಯದು ನಕ್ಷತ್ರಗಳ ವಾದ: ಗಾಳಿಯೇ ಇಲ್ಲದ ಚಂದ್ರನ ಆಕಾಶದಲ್ಲಿ ಒಂದೂ ನಕ್ಷತ್ರ ಕಾಣದಿರುವುದು ಹೇಗೆ? ಹುಣ್ಣಿಮೆಯ ರಾತ್ರಿ ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸಿ, ಚಂದ್ರನ ಕಲೆಗಳು ಸ್ಪಷ್ಟವಾಗಿ ಮೂಡುವಷ್ಟು ಕಡಿಮೆ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕು) ಇಟ್ಟಾಗ ಚಿತ್ರದಲ್ಲಿ ಒಂದೂ ನಕ್ಷತ್ರವಿರಲಿಲ್ಲ. ನಕ್ಷತ್ರಗಳು ಮೂಡುವವರೆಗೆ ಎಕ್ಸ್‌ಪೋಷರ್ ಹೆಚ್ಚಿಸಿದಾಗ ಚಂದ್ರ ಬರಿಯ ಬಿಳಿ ಚುಕ್ಕೆಯಾಗಿದ್ದ. ಗಗನಯಾತ್ರಿಗಳು ಚಿತ್ರ ತೆಗೆದದ್ದು ಅಷ್ಟೇ ಪ್ರಖರವಾದ ಬಿಸಿಲಿನಲ್ಲಿ. ಗಾಳಿಯಿಲ್ಲದ ಕಡೆ ಬಾವುಟ ಹರಡಿಕೊಂಡು ನಿಂತದ್ದು ಹೇಗೆ ಎಂಬ ವಾದಕ್ಕೆ ಪ್ರಯೋಗವೇ ಬೇಕಾಗಲಿಲ್ಲ. ಬಟ್ಟೆಯ ಮೇಲಂಚಿನಲ್ಲಿ ಅಡ್ಡ ಸರಳೊಂದಿರುವುದು ಚಿತ್ರದಲ್ಲೇ ಕಾಣುತ್ತದೆ.

ಎದುರು ಪಕ್ಷದ ವಾದಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿದೆ. ಚಂದ್ರನ ಮೇಲಿಟ್ಟು ಬಂದ ಪ್ರತಿಫಲಕಗಳಿಗೆ ಇಂದಿಗೂ ಭೂಮಿಯಿಂದ ಲೇಸರ್ ಬಿಡುತ್ತಾರೆ, ಎರಡೂವರೆ ಸೆಕೆಂಡಿನಲ್ಲಿ ಬೆಳಕು ಮರಳುತ್ತದೆ ಎಂಬುದು ನಿಜ. ಆದರೆ ಸೋವಿಯತ್ ಒಕ್ಕೂಟ 1970ರಲ್ಲಿ ಕಳುಹಿಸಿದ ಲೂನೊಖೋದ್ ಎಂಬ ಮಾನವರಹಿತ ಗಾಡಿಯ ಮೇಲೂ ಅಂಥದ್ದೇ ಪ್ರತಿಫಲಕವಿತ್ತು; ಆದ್ದರಿಂದ ಮನುಷ್ಯ ಇಳಿದನೆಂಬುದಕ್ಕೆ ಅದೊಂದೇ ಸಾಕ್ಷಿಯಾಗಲಾರದು. ನನ್ನನ್ನು ಮಣಿಸಿದ್ದು ಕಲ್ಲುಗಳ ತೂಕ. ಸೋವಿಯತ್ ಯಂತ್ರಗಳು ಮೂರು ಬಾರಿ ಹೋಗಿ ತಂದ ಮಣ್ಣೆಲ್ಲ ಸೇರಿದರೂ ಅರ್ಧ ಕಿಲೋ ಆಗುವುದಿಲ್ಲ. ಅಮೆರಿಕದ ಅಪೋಲೋ ಯೋಜನೆಯ ಆರು ಯಾನಗಳಲ್ಲಿ ಇಳಿದ ಹನ್ನೆರಡು ಮಂದಿ ತಂದದ್ದು 382 ಕಿಲೋ, ಮತ್ತು ಅದನ್ನು ಹಲವು ದೇಶಗಳ ಪ್ರಯೋಗಾಲಯಗಳು ಪರೀಕ್ಷಿಸಿವೆ. ಜೊತೆಗೆ, 2009ರಲ್ಲಿ ಹಾರಿಸಿದ, ಚಂದ್ರನನ್ನು ಸುತ್ತುವ ಲೂನಾರ್ ರಿಕಾನಿಸೆನ್ಸ್ ಆರ್ಬಿಟರ್ ಎಂಬ ನೌಕೆ ತೆಗೆದ ಚಿತ್ರಗಳಲ್ಲಿ ಗಗನಯಾತ್ರಿಗಳು ನಡೆದಾಡಿದ ಜಾಡುಗಳೂ ಕಾಣುತ್ತವೆ. ಬಲಪುಟದಲ್ಲಿ ನಾನೇ ಬರೆದಿದ್ದ ಷರತ್ತುಗಳೆಲ್ಲ ಪೂರೈಸಿದ್ದವು.

ಆದರೂ ಮನಸ್ಸು ಒಪ್ಪಲಿಲ್ಲ, ಮತ್ತು ಈ ಇಡೀ ಅನುಭವದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ಘಟ್ಟವೇ. ವಾದಗಳೆಲ್ಲ ಬಿದ್ದುಹೋದ ಮೇಲೂ ‘ಏನೋ ಇದೆ’ ಎಂಬ ಭಾವ ಉಳಿದಿತ್ತೆಂದರೆ, ನಂಬಿಕೆ ಆ ವಾದಗಳ ಮೇಲೆ ನಿಂತಿರಲೇ ಇಲ್ಲ. ಅದು ಎಲ್ಲಿಂದ ಹುಟ್ಟಿತೆಂದು ಹಿಂದೆ ಹಿಂದೆ ಹೋದಾಗ, ನಾನು ಹನ್ನೊಂದು ವರ್ಷ ದುಡಿದ ಸಂಸ್ಥೆ ಮುಚ್ಚಿದ ದಿನಕ್ಕೆ ಬಂದು ತಲುಪಿದೆ. ಹಿಂದಿನ ದಿನದ ಸಭೆಯಲ್ಲೂ ಮೇಲಿನವರು ಎಲ್ಲವೂ ಸರಿಯಾಗಿದೆ ಎಂದೇ ಹೇಳಿದ್ದರು. ಮರುದಿನ ಬೆಳಿಗ್ಗೆ ಬಾಗಿಲಿಗೆ ಬೀಗ ಬಿದ್ದಿತ್ತು. ಆಮೇಲಿನ ತಿಂಗಳುಗಳಲ್ಲಿ, ದೊಡ್ಡವರು ಹೇಳುವುದೆಲ್ಲ ಸುಳ್ಳು ಎಂಬ ಮಾತು ಎಲ್ಲಿ ಕೇಳಿದರೂ ಗಾಯಕ್ಕೆ ಮುಲಾಮು ಹಚ್ಚಿದಂತಾಗುತ್ತಿತ್ತು. ಚಂದ್ರನ ಕಥೆ ಸಿಕ್ಕಿದ್ದು ಆಗಲೇ. ಇನ್ನೊಮ್ಮೆ ಮೋಸ ಹೋಗಲಾರೆ ಎಂಬ ಹಟಕ್ಕೆ ಅದು ಆಸರೆಯಾಯಿತು. ಮೊದಲೇ ಒಪ್ಪಿಕೊಂಡವನಿಗೆ ಎಷ್ಟು ಕಡಿಮೆ ಪುರಾವೆ ಸಾಕಾಗುತ್ತದೆಯೋ, ಮೊದಲೇ ಅಲ್ಲಗಳೆಯಲು ನಿರ್ಧರಿಸಿದವನಿಗೂ ಅಷ್ಟೇ ಸಾಕಾಗುತ್ತದೆ. ನನ್ನ ಅನುಮಾನ ಒಂದೇ ದಿಕ್ಕಿಗೆ ಹರಿಯುತ್ತಿತ್ತು.

ಹಾಗೆಂದು ಸಂಚುಗಳೇ ನಡೆಯುವುದಿಲ್ಲ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಇದ್ದ 399 ಕಪ್ಪುಜನರಿಗೆ ಅವರ ರೋಗದ ನಿಜಸ್ಥಿತಿಯನ್ನು ತಿಳಿಸದೆ, ಅದನ್ನು ಗುಣಪಡಿಸುವ ಪೆನಿಸಿಲಿನ್ ಔಷಧ ಬಂದ ಮೇಲೂ ಅದನ್ನು ಕೊಡದೆ, ರೋಗ ಬಲಿಯುವುದನ್ನು ಸರ್ಕಾರಿ ವೈದ್ಯರು ಗಮನಿಸುತ್ತಾ ಕುಳಿತಿದ್ದರು. ಅದನ್ನು ಓದಿದಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಒಂದು ವ್ಯತ್ಯಾಸವೂ ಮನಸ್ಸಿಗೆ ಬಂತು: ಆ ಅಧ್ಯಯನದ ವರದಿಗಳು ದಶಕಗಳ ಕಾಲ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಲೇ ಇದ್ದವು, ಅದನ್ನು ನಡೆಸುತ್ತಿದ್ದ ಆರೋಗ್ಯ ಇಲಾಖೆಯ ಒಳಗೇ ಇದ್ದ ಪೀಟರ್ ಬಕ್ಸ್‌ಟನ್ 1966ರಲ್ಲೇ ಆಕ್ಷೇಪ ಎತ್ತಿದ್ದರು, ಕೊನೆಗೆ ಅವರೇ ಪತ್ರಿಕೆಯವರಿಗೆ ತಿಳಿಸಿದರು. ಅಲ್ಲಿ ಕಾಗದವಿತ್ತು, ಹೆಸರುಗಳಿದ್ದವು, ಬಾಯಿಬಿಟ್ಟ ಮನುಷ್ಯರಿದ್ದರು. ನನ್ನ ಬಳಿ ಇದ್ದದ್ದು ಚಿತ್ರಗಳಲ್ಲಿ ಕಂಡ ವಿಚಿತ್ರಗಳು ಮಾತ್ರ.

ವಿಚಿತ್ರ ಎಲ್ಲೆಲ್ಲೂ ಇರುತ್ತದೆ ಎಂಬುದನ್ನು ಕಲಿಸಿದ್ದು ಒಂದು ಕೊಡೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡು ತಗುಲಿದಾಗ, ಮಳೆಯಿಲ್ಲದ ಬಿಸಿಲಿನಲ್ಲಿ ಒಬ್ಬ ವ್ಯಕ್ತಿ ಕಪ್ಪು ಕೊಡೆ ಬಿಚ್ಚಿ ನಿಂತಿದ್ದ. ಅದು ಕೊಲೆಗಾರರಿಗೆ ಕೊಟ್ಟ ಸನ್ನೆ ಎಂದು ವರ್ಷಗಟ್ಟಲೆ ಬರೆದರು. 1978ರಲ್ಲಿ ಆತ ಸಂಸತ್ ಸಮಿತಿಯ ಮುಂದೆ ಬಂದು ಕಾರಣ ಹೇಳಿದ: ಹಿಟ್ಲರನನ್ನು ಓಲೈಸಿದ ಬ್ರಿಟಿಷ್ ಪ್ರಧಾನಿ ಚೇಂಬರ್ಲೇನರ ಗುರುತು ಕೊಡೆ, ಕೆನಡಿಯ ತಂದೆ ಅವರನ್ನು ಬೆಂಬಲಿಸಿದ್ದರು, ಅದನ್ನು ನೆನಪಿಸಿ ಅಧ್ಯಕ್ಷರನ್ನು ಚುಚ್ಚಲು ಕೊಡೆ ತಂದಿದ್ದೆ ಎಂದ. ಮನೆಯಲ್ಲಿ ಕುಳಿತು ಎಷ್ಟು ಊಹಿಸಿದರೂ ಈ ಕಾರಣ ಯಾರಿಗೂ ಹೊಳೆಯುತ್ತಿರಲಿಲ್ಲ.

ಈಗ ನನ್ನ ಚಿಕ್ಕಪ್ಪ ಇಂಥ ವಿಷಯ ತೆಗೆದಾಗ ನಾನು ಪುರಾವೆಗಳನ್ನು ಮುಂದಿಡಲು ಹೋಗುವುದಿಲ್ಲ. ‘ಚಿಕ್ಕಪ್ಪ, ಇದು ಸುಳ್ಳಾಗಿದ್ದರೆ ಅದು ನಿಮಗೆ ಹೇಗೆ ಗೊತ್ತಾಗಬೇಕು?’ ಎಂದು ಕೇಳುತ್ತೇನೆ. ಮೊದಲ ಸಲ ಅವರು ಸಿಟ್ಟಾದರು. ಎರಡನೆಯ ಸಲ ಬಹಳ ಹೊತ್ತು ಸುಮ್ಮನಿದ್ದು, ಆಸ್ಪತ್ರೆಯೊಂದರಲ್ಲಿ ತಮ್ಮ ಮಾತನ್ನು ಯಾರೂ ಕೇಳದೆ ಹೋದ ಸಂಗತಿಯನ್ನು ಹೇಳಿದರು. ಅಂದು ನಾವು ಸಂಚಿನ ಮಾತೇ ಆಡಲಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಎಡಪುಟದ ಎದುರು ಮಾತ್ರ ಬಹಳ ಕಾಲ ಖಾಲಿ ಉಳಿದಿತ್ತು. ನಮ್ಮ ಸಂಸ್ಥೆಯ ಮೇಲಿನವರು ಮೂರು ವರ್ಷ ಮೊದಲೇ ಮುಚ್ಚಲು ಯೋಜಿಸಿ ನಮ್ಮನ್ನು ವಂಚಿಸಿದರು ಎಂದು ಅಲ್ಲಿ ಬರೆದಿದ್ದೆ. ಕಳೆದ ವರ್ಷ ಕೊನೆಗೂ ಷರತ್ತು ಬರೆದು, ಲೆಕ್ಕಪತ್ರಗಳನ್ನು ನೋಡಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಬಳಿ ಹೋದೆ. ಸಾಲ ಕೈಮೀರಿದ್ದು ಕೊನೆಯ ಐದು ತಿಂಗಳಲ್ಲಿ. ಅಲ್ಲಿಯವರೆಗೆ ಅವರು ಹೊಸ ಯಂತ್ರಗಳಿಗೆ ಮುಂಗಡ ಕೊಡುತ್ತಲೇ ಇದ್ದರು. ಐದು ತಿಂಗಳು ನಮಗೆ ಸುಳ್ಳು ಹೇಳಿದ್ದು ನಿಜ, ಮೂರು ವರ್ಷದ ಯೋಜನೆ ಇರಲಿಲ್ಲ. ಎರಡನ್ನೂ ತಾರೀಖಿನೊಂದಿಗೆ ಬಲಪುಟದಲ್ಲಿ ಬರೆದುಕೊಂಡೆ.